ಓದದೆ ಬಿಟ್ಟ ನಾಲ್ಕು ಸಾಲು

ನಮ್ಮ ಸಾಗರದ ಕಡೆ ಈ ವಾರ ಮಳೆರಾಯ ಸ್ವಲ್ಪ ಬಿಡುವು ಕೊಟ್ಟಿದ್ದಾನೆ. ತಿಂಗಳಿಂದ ಜಗಲಿಯ ಹಗ್ಗದ ಮೇಲೆ ಜೋತಾಡುತ್ತಿದ್ದ ಬಟ್ಟೆಗಳು ಅಂತೂ ಅಂಗಳದ ಬಿಸಿಲು ಕಂಡವು.

ಈ ವಾರ ಹೇಳುವುದು ನಮ್ಮ ಮನೆಯದೇ ಸಂಗತಿ. ಅದರಲ್ಲಿ ನನ್ನ ತಪ್ಪೂ ಒಂದಿದೆ. ಹೇಳದೆ ಇದ್ದಿದ್ದರೂ ನಡೆಯುತ್ತಿತ್ತು. ಆದರೆ ನನ್ನ ಮೊಮ್ಮಗ ಪುಟ್ಟನೇ, "ಅಜ್ಜಿ, ಇದನ್ನ ಬರಿ. ಬೇರೆ ಮಕ್ಕಳಿಗೂ ಗೊತ್ತಾಗ್ಲಿ" ಎಂದ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಬೆಳಗ್ಗೆ ಆರೂವರೆಗೆ ನಮ್ಮ ಗೇಟಿನ ಹತ್ತಿರ ಸೈಕಲ್ಲಿನ ಸದ್ದು, ಹಿಂದೆಯೇ ಜಗಲಿಯ ಮೇಲೆ 'ಥಪ್' ಎಂದು ಪೇಪರು ಬೀಳುವ ಸದ್ದು. ಮಳೆಗಾಲದಲ್ಲಿ ಅದಕ್ಕೊಂದು ಪ್ಲಾಸ್ಟಿಕ್ ಅಂಗಿ ಬೇರೆ. ನಲವತ್ತು ವರ್ಷದಿಂದ ನಮ್ಮ ಮನೆಯವರ ದಿನ ಶುರುವಾಗುವುದೇ ಈ ಸದ್ದಿನಿಂದ.

ಆದರೆ ಎರಡು ವರ್ಷದಿಂದ ಅವರಿಗೆ ಅಕ್ಷರ ಕಾಣುವುದಿಲ್ಲ. ಕಣ್ಣಿನ ಒಳಗೆ ಹಿಂಭಾಗದಲ್ಲಿ ಅಕ್ಷಿಪಟಲ ಎಂಬ ಪೊರೆ ಇದೆ. ವಯಸ್ಸಾದ ಕೆಲವರಿಗೆ ಅದರ ನಡುಭಾಗ ಸವೆಯುತ್ತದಂತೆ. ಅಂಥವರಿಗೆ ಅಕ್ಕಪಕ್ಕದಲ್ಲಿರುವುದು ಕಾಣುತ್ತದೆ, ನೇರ ನೋಡಿದ ಜಾಗವೇ ಮಸುಕು. ಹಾಗಾಗಿ ಇವರು ತೋಟದಲ್ಲಿ ಧೈರ್ಯವಾಗಿ ಓಡಾಡುತ್ತಾರೆ. ಎದುರಿಗೆ ಹಿಡಿದ ಪೇಪರು, ಎದುರಿಗೆ ನಿಂತವರ ಮುಖ, ಇವೆರಡೇ ಕಾಣುವುದಿಲ್ಲ.

"ಅಪ್ಪನಿಗೆ ಕಾಣೋದಿಲ್ಲ, ನಮಗೆಲ್ಲ ಸುದ್ದಿ ಫೋನಲ್ಲೇ ಬರುತ್ತೆ. ಪೇಪರ್ ಯಾಕೆ ಸುಮ್ಮನೆ?" ಎಂದು ಮಗ ಒಂದು ದಿನ ಕೇಳಿದ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಇವರೂ "ನಿಲ್ಲಿಸಿ, ಪರವಾಗಿಲ್ಲ" ಎಂದರು. ಮೂರನೆಯ ದಿನ ಬೆಳಗ್ಗೆ ನೋಡುತ್ತೇನೆ, ಆರೂವರೆಗೆ ಗೇಟಿನ ಹತ್ತಿರ ನಿಂತಿದ್ದಾರೆ. "ಏನು ಮಾಡ್ತಿದ್ದೀರಿ ಇಲ್ಲಿ?" ಎಂದೆ. "ಏನಿಲ್ಲ, ಸೈಕಲ್ ಸದ್ದು ಕೇಳಿತು" ಎಂದರು. ಸೈಕಲ್ಲು ಪಕ್ಕದ ಮನೆಗೆ ಪೇಪರು ಹಾಕಿ ಮುಂದೆ ಹೋಗಿತ್ತು. ಒಳಗಿನಿಂದ ಇದನ್ನು ನೋಡಿದ ಮಗ ಆವತ್ತೇ ಏಜೆಂಟರ ಹತ್ತಿರ ಹೋಗಿ ಮತ್ತೆ ಪೇಪರು ಹಾಕಲು ಹೇಳಿ ಬಂದ. ಓದುವ ಕೆಲಸ ಪುಟ್ಟನ ಪಾಲಿಗೆ ಬಂತು.

ಪುಟ್ಟನಿಗೆ ಹನ್ನೊಂದು ವರ್ಷ. ಮಗನಿಗೆ ಈ ಕಡೆ ವರ್ಗವಾಗಿ ಜೂನ್ ತಿಂಗಳಲ್ಲಿ ಬೆಂಗಳೂರಿನಿಂದ ಬಂದವನು. ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದುವಾಗ ಮಾತ್ರ ಎತ್ತಿನ ಗಾಡಿ. ಒತ್ತಕ್ಷರ ಬಂದಲ್ಲೆಲ್ಲ ಗಾಡಿ ನಿಲ್ಲುತ್ತಿತ್ತು. ಅಜ್ಜನಿಗೆ ಅವಸರವಿಲ್ಲ. ಓದುವ ಕ್ರಮ ಮಾತ್ರ ಅವರದೇ. ಮೊದಲು ಲಿಂಗನಮಕ್ಕಿ ಜಲಾಶಯದ ಮಟ್ಟ. ಆಮೇಲೆ ಅಡಿಕೆ ಧಾರಣೆ. ಆಮೇಲೆ ಮುಖಪುಟದ ಸುದ್ದಿ, ಓದುಗರ ಪತ್ರ, ಆಟದ ಪುಟ. ಕೊನೆಗೆ ನಿಧನ ವಾರ್ತೆ.

ಮೊದಲ ವಾರ ನಗುವೋ ನಗು. ಅಡಿಕೆ ಧಾರಣೆ ಓದುವಾಗ "ರಾಶಿ" ಎಂದು ಬಂತು. ಪುಟ್ಟ ತಲೆ ಎತ್ತಿ, "ಅಜ್ಜಾ, ಯಾವ ರಾಶಿ? ಸಿಂಹವಾ, ಕನ್ಯಾನಾ?" ಎಂದ. ಇವರು ಕಾಫಿ ಲೋಟ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸರಕು, ಬೆಟ್ಟೆ, ರಾಶಿ, ಗೊರಬಲು, ಇವೆಲ್ಲ ನಮ್ಮ ಕಡೆಯ ಅಡಿಕೆಯ ತರಗತಿಗಳು. ಆವತ್ತೇ ಅವನನ್ನು ಅಟ್ಟಕ್ಕೆ ಕರೆದುಕೊಂಡು ಹೋಗಿ, ಚೀಲದೊಳಗೆ ಕೈ ಹಾಕಿಸಿ, ಮುಟ್ಟಿ ನೋಡಿಸಿದರು.

ಜಲಾಶಯದ ಲೆಕ್ಕವೂ ಹಾಗೆಯೇ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. "ಅಬ್ಬಾ, ಅಷ್ಟು ಆಳವಾ?" ಎಂದು ಪುಟ್ಟ ಬಾಯಿ ಬಿಟ್ಟ. ಅದು ನೀರಿನ ಆಳವಲ್ಲ ಮಕ್ಕಳೇ, ಸಮುದ್ರ ಮಟ್ಟದಿಂದ ಎತ್ತರ. ಕನ್ನಂಬಾಡಿಯ 124.80 ಅಡಿಯ ಪಕ್ಕದಲ್ಲಿ ಇದನ್ನು ಓದಿದರೆ ಯಾರಿಗಾದರೂ ಗಲಿಬಿಲಿಯೇ. ಪಕ್ಕದಲ್ಲಿ ಒಳಹರಿವು ಇಷ್ಟು ಕ್ಯುಸೆಕ್ ಎಂದೂ ಇರುತ್ತದೆ. ಒಂದು ಕ್ಯುಸೆಕ್ ಎಂದರೆ ಒಂದು ಸೆಕೆಂಡಿನಲ್ಲಿ ಒಂದು ಘನ ಅಡಿ ನೀರು, ಸುಮಾರು 28 ಲೀಟರು. ಕಣ್ಣು ಮಿಟುಕಿಸುವುದರೊಳಗೆ ಎರಡು ಕೊಡ ನೀರು ಬಂದಂತೆ. ಪುಟ್ಟ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನಾ ತಾರೀಖು, ಮಟ್ಟ, ಒಳಹರಿವು ಬರೆದಿಡಲು ಶುರು ಮಾಡಿದ.

"ಮೊದಲು ಲಿಂಗನಮಕ್ಕಿಯೇ ಯಾಕೆ ಅಜ್ಜಾ?" ಎಂದು ಒಂದು ದಿನ ಕೇಳಿದ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರು ಅದರ ಕೆಳಗಿದೆ ಮಾರಾಯ" ಎಂದರು. ಶರಾವತಿಗೆ ಕಟ್ಟಿದ ಈ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು ಏರಿದಾಗ ಎಷ್ಟೋ ಹಳ್ಳಿಗಳು ಮುಳುಗಿದವು. ಅದಕ್ಕಿಂತ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಮುಳುಗಿತು ಎಂದರೆ ಊರುಗಳ ಪಾಡೇನು? ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಆ ಹಳೆಯ ಅಣೆಕಟ್ಟು ಈಗಲೂ ತಲೆ ಎತ್ತುತ್ತದೆ. ಆಗ ಇವರು ಪುಟ್ಟನಷ್ಟೇ ದೊಡ್ಡವರು. ಇವರ ಮನೆಯವರು ಸಾಗರದ ಕಡೆ ಬಂದರು. ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನ ಮನೆಯವರು ಹೊಸನಗರದ ಕಡೆ ಹೋದರು. ಶಾಲೆ, ಬೆಂಚು ಎಲ್ಲ ನೀರಿಗೆ ಸೇರಿದವು.

ಆ ಗೆಳೆಯರನ್ನು ಇವರಿಗೆ ಮತ್ತೆ ಹುಡುಕಿ ಕೊಟ್ಟದ್ದು ಪೇಪರೇ. ನಮ್ಮ ಮದುವೆಯಾದ ಹೊಸದರಲ್ಲಿ ಒಂದು ದಿನ ಓದುಗರ ಪತ್ರಗಳ ನಡುವೆ ಅವರ ಹೆಸರು, ಊರು ಅಚ್ಚಾಗಿತ್ತು. ನಾಡಿನ ಬೆಳಕಿಗಾಗಿ ಊರು ಬಿಟ್ಟುಕೊಟ್ಟವರ ಮನೆಯಲ್ಲಿ ಇನ್ನೂ ಚಿಮಣಿ ದೀಪವೇ ಉರಿಯುತ್ತಿದೆ ಎಂದು ಬರೆದಿದ್ದರು. ಇವರು ಆವತ್ತೇ ಕಾರ್ಡು ಬರೆದರು. ಅಲ್ಲಿಂದ ಮುಂದೆ ಅವರು ಬಸ್ಸಿನ ಬಗ್ಗೆ, ರಸ್ತೆಯ ಬಗ್ಗೆ, ಶಾಲೆಯ ಹೆಂಚಿನ ಬಗ್ಗೆ ಬರೆಯುತ್ತಲೇ ಇದ್ದರು. ಇವರು ಓದಿ, "ಗಟ್ಟಿಯಾಗಿದ್ದಾನೆ" ಎನ್ನುತ್ತಿದ್ದರು. ಪುಟ್ಟನೂ ಜೂನ್‌ನಲ್ಲಿ ಅವರ ಒಂದು ಪತ್ರ ಓದಿ ಹೇಳಿದ್ದ. ಮೇ ತಿಂಗಳಲ್ಲಿ ಅವರು ನಮ್ಮ ಮನೆಗೆ ಬಂದಾಗ ರಜೆಗೆ ಬಂದಿದ್ದ ಪುಟ್ಟನಿಗೆ ಹಲಸಿನ ಹಪ್ಪಳದ ಕಟ್ಟು ಕೊಟ್ಟು ಹೋಗಿದ್ದರು.

ಜುಲೈ 1 ಪತ್ರಿಕಾ ದಿನ. ಶಾಲೆಯಲ್ಲಿ ಮೂರು ನಿಮಿಷ ಮಾತಾಡಬೇಕಿತ್ತು. ಅಜ್ಜ ಮೊಮ್ಮಗ ಸೇರಿ ತಯಾರಿ ಮಾಡಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು 1843ರ ಜುಲೈ 1ರಂದು. ಜರ್ಮನಿಯಿಂದ ಬಂದಿದ್ದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಅಚ್ಚಾಗುತ್ತಿದ್ದುದು ಕಲ್ಲಚ್ಚಿನಲ್ಲಿ. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡುತ್ತಾರೆ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವಲ್ಲ, ಹಾಗಾಗಿ ಮತ್ತೆ ಮಸಿ ಸವರಿದಾಗ ಅದು ಅಕ್ಷರಕ್ಕೆ ಮಾತ್ರ ಅಂಟುತ್ತದೆ. ಮೇಲೆ ಕಾಗದ ಒತ್ತಿದರೆ ಪುಟ ತಯಾರು. ಮಾರನೆಯ ವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು.

ಆವತ್ತು ಅಜ್ಜ ಇನ್ನೊಂದು ವಿಷಯ ಹೇಳಿಕೊಟ್ಟರು. "ಪೇಪರಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ ಇರುತ್ತೆ. ಹುಡುಕು" ಎಂದರು. ಪುಟ್ಟ ಹುಡುಕಿ ಓದಿದ. ಮುದ್ರಕರು ಇಂಥವರು, ಪ್ರಕಾಶಕರು ಇಂಥವರು, ಅಚ್ಚಾದದ್ದು ಇಂಥ ಕಡೆ, ಸಂಪಾದಕರು ಇಂಥವರು. 1867ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದ ಕಾನೂನಿನಿಂದಾಗಿ ಈ ವಿವರ ಅಚ್ಚು ಹಾಕುವುದು ಕಡ್ಡಾಯವಾಯಿತು. 2023ರಲ್ಲಿ ಅದರ ಜಾಗಕ್ಕೆ ಹೊಸ ಕಾನೂನು ಬಂದಿದೆ, ಆ ಸಣ್ಣ ಸಾಲು ಹಾಗೇ ಉಳಿದಿದೆ. "ಇದು ಯಾಕೆ ಗೊತ್ತಾ? ಬರೆದದ್ದು ಸುಳ್ಳಾದರೆ ಯಾರನ್ನು ಕೇಳಬೇಕು ಅನ್ನೋದಕ್ಕೆ. ಹೊಣೆ ಹೊರೋರ ಹೆಸರು ಅದು" ಎಂದರು ಅಜ್ಜ. ಪುಟ್ಟ ಕೇಳಿದ: "ಓದಿ ಹೇಳೋರ ಹೆಸರು ಎಲ್ಲಿರುತ್ತೆ ಅಜ್ಜಾ?" ಇವರು ನಕ್ಕು, "ಅದು ಅಚ್ಚಾಗಲ್ಲ. ಆದರೆ ಹೊಣೆ ಇರುತ್ತೆ" ಎಂದರು.

ಇದಾಗಿ ಎರಡು ವಾರ ಕಳೆದಿತ್ತು. ಆವತ್ತು ಹೊರಗೆ ಧೋ ಎಂದು ಮಳೆ. ಜಲಾಶಯ, ಅಡಿಕೆ, ಎಲ್ಲ ಆಗಿ ಪುಟ್ಟ ನಿಧನ ವಾರ್ತೆಗೆ ಬಂದಿದ್ದ. ನಾನು ಎರಡನೆಯ ಕಾಫಿ ಹಿಡಿದುಕೊಂಡು ಅವನ ಬೆನ್ನ ಹಿಂದೆ ಬಂದೆ. ಅವನ ಬೆರಳು ಒಂದು ಸಣ್ಣ ಫೋಟೋದ ಮೇಲೆ ನಿಂತಿತ್ತು. ಹೊಸನಗರದ ಗೆಳೆಯರದು.

ಪುಟ್ಟ ತಲೆ ಎತ್ತಿ ನನ್ನನ್ನು ನೋಡಿದ. ಆ ನೋಟ ಈಗಲೂ ನನ್ನ ಕಣ್ಣ ಮುಂದಿದೆ. ಆಮೇಲೆ ಅವನ ಬೆರಳು ಆ ಫೋಟೋವನ್ನು ದಾಟಿ ಕೆಳಗಿನ ಹೆಸರಿಗೆ ಹೋಯಿತು. ಅದನ್ನು ಓದಿದ, ಮತ್ತೊಂದು ಓದಿದ. "ಅಷ್ಟೇ ಅಜ್ಜಾ. ಗೊತ್ತಿರೋರು ಯಾರೂ ಇಲ್ಲ" ಎಂದ.

ನಾನು ಸುಮ್ಮನಿದ್ದೆ. ಮೊದಲು ಕಾಫಿ ಕುಡಿಯಲಿ ಎಂದುಕೊಂಡೆ. ಆಮೇಲೆ ತಿಂಡಿ ಆಗಲಿ, ಬಿಪಿ ಮಾತ್ರೆ ನುಂಗಲಿ ಎಂದುಕೊಂಡೆ. ಕೆಟ್ಟ ಸುದ್ದಿ ಹೇಳುವವರಿಗೆ ನೆವಗಳಿಗೇನು ಬರ? ಪುಟ್ಟ ಶಾಲೆಗೆ ಹೋದ. ಒಂಬತ್ತೂವರೆಗೆ ಧೈರ್ಯ ಮಾಡಿ, ವಿವರ ಏನಿದೆ ನೋಡಿಕೊಂಡು ಹೇಳೋಣ ಎಂದು ಕಿಟಕಿಯ ಕಟ್ಟೆಗೆ ಹೋದರೆ ಆವತ್ತಿನ ಪೇಪರೇ ಇಲ್ಲ. ಮನೆಯೆಲ್ಲ ಹುಡುಕಿದೆ. ಪಕ್ಕದ ಮನೆಗೆ ಹೋಗಿ ಕೇಳಬಹುದಿತ್ತು. ಮಳೆ ಜೋರಾಗಿದೆ, ಸಂಜೆ ಮಗ ಬರಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಇವರು ಕಿಟಕಿಯ ಕಟ್ಟೆಯ ಮೇಲೆ ಕೈಯಾಡಿಸಿದರು. ಹೊಸ ಪೇಪರು ಕೈಗೆ ಗರಿಗರಿ, ಹಳೆಯದು ಮೆತ್ತಗೆ. "ಇವತ್ತಿಂದು ಎಲ್ಲಿ?" ಎಂದರು. "ಪುಟ್ಟ ಎಲ್ಲೋ ಇಟ್ಟಿರಬೇಕು" ಎಂದೆ. ಮತ್ತೆ ಅವರು ಏನೂ ಕೇಳಲಿಲ್ಲ.

ಸಂಜೆ ಪುಟ್ಟ ಬಂದವನು ರೈನ್‌ಕೋಟು ಕೂಡ ತೆಗೆಯದೆ ಅಜ್ಜನ ಮುಂದೆ ನಿಂತ. ಬ್ಯಾಗಿನಿಂದ ಪೇಪರು ತೆಗೆದ. ಅಂಚೆಲ್ಲ ಒದ್ದೆ. "ಅಜ್ಜಾ, ಬೆಳಗ್ಗೆ ನಾನು ಒಂದು ಓದಲಿಲ್ಲ" ಎಂದು, ನಿಂತಲ್ಲೇ ಆ ನಾಲ್ಕು ಸಾಲು ಓದಿದ. ಹೆಸರು, ಊರು, ವಯಸ್ಸು. ನಿವೃತ್ತ ಶಿಕ್ಷಕರು. ಪತ್ನಿ, ಇಬ್ಬರು ಪುತ್ರಿಯರು. ಕೊನೆಯ ಸಾಲಿಗೆ ಬಂದಾಗ ಅವನ ಗಂಟಲು ಕಟ್ಟಿತು. "ಅಂತ್ಯಕ್ರಿಯೆ ಇಂದು ಮಧ್ಯಾಹ್ನ 12ಕ್ಕೆ ಸ್ವಗ್ರಾಮದಲ್ಲಿ ನಡೆಯಲಿದೆ."

ಗಡಿಯಾರದಲ್ಲಿ ಆಗ ನಾಲ್ಕೂವರೆ.

ಬೆಳಗ್ಗೆ ಅವನು ಫೋಟೋ ಮತ್ತು ಹೆಸರು ಮಾತ್ರ ನೋಡಿದ್ದನಂತೆ. ಶಾಲೆಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಪೇಪರು ಬಿಚ್ಚಿ ಓದಿದಾಗಲೇ ಆ ಕೊನೆಯ ಸಾಲು ಕಂಡದ್ದು. "ನಿಂಗೆ ಬೇಜಾರಾಗುತ್ತೆ ಅಂತ ಬಿಟ್ಟೆ ಅಜ್ಜಾ" ಎಂದು ಅತ್ತ. ನಾನು, "ಅವನದು ತಪ್ಪಲ್ಲ. ನಾನೂ ನೋಡಿದ್ದೆ. ದೊಡ್ಡವಳಾಗಿ ನಾನು ಹೇಳಬೇಕಿತ್ತು" ಎಂದೆ.

ಇವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ತುಂಬ ಹೊತ್ತಿನ ಮೇಲೆ ಪುಟ್ಟನ ಕೈ ಹಿಡಿದು, "ನಿನ್ನ ಕಣ್ಣನ್ನ ನಂಗೆ ಸಾಲ ಕೊಟ್ಟಿದ್ದೀಯ. ನಾನು ಅದನ್ನೇ ನಂಬಿ ನಡೀತೀನಿ. ಹಳ್ಳ ಇರೋ ಕಡೆ ನೀನು ಕಣ್ಣು ಮುಚ್ಚಿಕೊಂಡರೆ ಬೀಳೋನು ನಾನೇ ಅಲ್ವಾ?" ಎಂದರು. ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ. ಆ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ.

ಮಾರನೆಯ ದಿನ ಮಗ ರಜೆ ಹಾಕಿ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಪುಟ್ಟನೂ ಬರುತ್ತೇನೆಂದ. ಆ ಮನೆಯ ಜಗಲಿಯಲ್ಲಿ ಗೆಳೆಯರ ಹೆಂಡತಿ ಇವರನ್ನು ಕಂಡು ಎದ್ದು ಬಂದರು. "ಎರಡು ದಿನದಿಂದ ಕರೆಂಟಿಲ್ಲ, ಫೋನೂ ಸಿಗಲಿಲ್ಲ. ಪೇಪರಿಗೆ ಕೊಟ್ಟರೆ ನಿಮಗೆ ಹೇಗೂ ಗೊತ್ತಾಗುತ್ತೆ ಅಂತ ರಾತ್ರಿಯೇ ಹುಡುಗನ್ನ ಹೊಸನಗರ ಪೇಟೆಗೆ ಕಳಿಸಿದ್ವಿ. ನೀವು ಬರ್ತೀರಿ ಅಂತ ಸ್ವಲ್ಪ ಹೊತ್ತು ಕಾದ್ವಿ" ಎಂದರು.

ಇವರು, "ನಮ್ಮಲ್ಲಿ ಪೇಪರ್ ಓದೋದು ತಡವಾಯ್ತು" ಎಂದಷ್ಟೇ ಹೇಳಿದರು. ಪುಟ್ಟ ನನ್ನ ಸೆರಗು ಹಿಡಿದು ನಿಂತಿದ್ದ. ನಾನು ತಲೆ ಎತ್ತಲಿಲ್ಲ.

ಆ ಮಾತು ನನ್ನನ್ನು ಬಿಟ್ಟಿಲ್ಲ. ನಾನು ಎಳೆಯವಳಿದ್ದಾಗಿನಿಂದ ಪತ್ರಿಕೆಗಳ ಜೊತೆಗೇ ಬೆಳೆದವಳು. ದಿನಸಿ ಅಂಗಡಿಯ ಸಕ್ಕರೆ ಪೊಟ್ಟಣ ಬಿಚ್ಚಿ ಹರಿದ ಕಾಗದದ ಅರ್ಧ ಸುದ್ದಿ ಓದಿದವಳು. 'ಚಂದಮಾಮ'ಕ್ಕೆ ಅಣ್ಣನ ಜೊತೆ ಕಿತ್ತಾಡಿದವಳು. 1965ರಲ್ಲಿ 'ಸುಧಾ' ಶುರುವಾದ ಮೇಲೆ ಅಮ್ಮ ವಾರ ವಾರ ಧಾರಾವಾಹಿಯ ಪುಟಗಳನ್ನು ಬಿಡಿಸಿಟ್ಟು, ಮುಗಿದ ಮೇಲೆ ದಬ್ಬಳದಿಂದ ಹೊಲಿದು ಪುಸ್ತಕ ಮಾಡುತ್ತಿದ್ದಳು. ಹೊಸ ತರಗತಿಗೆ ಹೋದಾಗ ಪಠ್ಯಪುಸ್ತಕಕ್ಕೆ ಹಳೆಯ ಪೇಪರಿನದೇ ಹೊದಿಕೆ. ಪತ್ರಿಕೆ ಎಂದರೆ ಮನೆಯ ಒಂದು ಸುಖ ಎಂದೇ ತಿಳಿದಿದ್ದೆ. ಯಾರೋ ಒಬ್ಬರು ಕತ್ತಲಲ್ಲಿ, ಮಳೆಯಲ್ಲಿ, ನಮಗೆ ತಲುಪಲಿ ಎಂದು ನಂಬಿ ಕಳಿಸಿದ ಮಾತೂ ಅದರೊಳಗೆ ಇರುತ್ತದೆ ಎಂದು ಅರುವತ್ತೊಂಬತ್ತರ ವಯಸ್ಸಿನಲ್ಲಿ ತಿಳಿಯಿತು. ಆ ಮಾತು ಹೊಸನಗರದಿಂದ ಅಚ್ಚಿನ ಮನೆಗೆ ಹೋಗಿ, ರಾತ್ರಿಯೆಲ್ಲ ಪ್ರಯಾಣ ಮಾಡಿ, ಸೈಕಲ್ ಹತ್ತಿ, ಸರಿಯಾಗಿ ಆರೂವರೆಗೆ ನಮ್ಮ ಜಗಲಿಗೆ ಬಂದಿತ್ತು. ಅಲ್ಲಿಂದ ಇವರ ಕಿವಿಗೆ ಇನ್ನು ಎರಡೇ ಅಡಿ. ಅಷ್ಟನ್ನು ದಾಟಿಸದೆ ಹೋದವರು ನಾವು.

ಊರಿಂದ ಬಂದ ಮಾರನೆಯ ಬೆಳಗ್ಗೆ ಪೇಪರು 'ಥಪ್' ಎಂದು ಬಿತ್ತು. ಪುಟ್ಟ ಕೋಣೆಯಿಂದ ಹೊರಗೆ ಬರಲಿಲ್ಲ. ಇವರು ತಮ್ಮ ಕುರ್ಚಿಯಲ್ಲಿ ಕೂತರು. ಕಾಫಿ ಆರುತ್ತಿತ್ತು. ಸ್ವಲ್ಪ ಹೊತ್ತು ಕಾದು, ಕೋಣೆಗೆ ಕೇಳುವಂತೆ, "ಲಿಂಗನಮಕ್ಕಿ ಎಷ್ಟಾಯ್ತೋ ಪುಟ್ಟಾ?" ಎಂದು ಕೂಗಿದರು.

ಅವನು ಓಡಿ ಬಂದ. ಮಟ್ಟ ಓದಿದ, ಒಳಹರಿವು ಓದಿದ, ನೋಟ್‌ಬುಕ್ಕಿನಲ್ಲಿ ಬರೆದ. ಇವರು, "ಮೊನ್ನೆಯ ತಾರೀಖಿನ ಪಕ್ಕದಲ್ಲಿ ಅವನ ಹೆಸರೂ ಬರಿ. ನಮ್ಮೂರಿನವನು" ಎಂದರು. ಪುಟ್ಟ ನೀಟಾಗಿ, ಒಂದೂ ಒತ್ತಕ್ಷರ ತಪ್ಪದೆ ಬರೆದ. ಈಗ ಅವನು ಏನನ್ನೂ ಬಿಡುವುದಿಲ್ಲ. ಕೆಟ್ಟ ಸುದ್ದಿ ಇದ್ದರೆ ಮೊದಲು ಅಜ್ಜನ ಕೈ ಹಿಡಿದುಕೊಳ್ಳುತ್ತಾನೆ, ಆಮೇಲೆ ಓದುತ್ತಾನೆ.

ಮಕ್ಕಳೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಕ್ಷರ ಕಾಣದ ಹಿರಿಯರು ಇರಬಹುದು. ಈ ವಾರ ದಿನಕ್ಕೆ ಹತ್ತು ನಿಮಿಷ ಅವರಿಗೆ ಪೇಪರು ಓದಿ ಹೇಳಿ. ಯಾವ ಪುಟ ಮೊದಲು ಎಂದು ಅವರನ್ನೇ ಕೇಳಿ, ಯಾಕೆ ಎಂದೂ ಕೇಳಿ. ಅದರ ಹಿಂದೆ ಒಂದು ಊರೇ ಇರಬಹುದು. ಅಜ್ಜ ಅಜ್ಜಿಯರೇ, ಮಕ್ಕಳು ತಡವರಿಸಿದರೆ ನಗಿ, ಅವಸರ ಮಾಡಬೇಡಿ. ನನ್ನ ಹಾಗೆ ತಿಂಡಿ ಆಗಲಿ, ಮಾತ್ರೆ ಆಗಲಿ ಎಂದು ಕಾಯಬೇಡಿ.

ಇಷ್ಟು ಬರೆಯುವ ಹೊತ್ತಿಗೆ ಮತ್ತೆ ಮೋಡ ಕಟ್ಟಿದೆ. ಅಂಗಳದ ಬಟ್ಟೆ ತೆಗೆಯಬೇಕು. ಮುಂದಿನ ವಾರ ಸಿಗೋಣ.